ಮುರಿದ ಸೂಜಿಗಳ ಪುಸ್ತಕ

"ಈ ಮೊನೆ ಈ ಸೂಜೀದಲ್ಲ ಕಣ್ರೀ."

ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು ಹೇಳಿದ್ದು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಗಂಡನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಬೆನ್ನ ಹಿಂದಿನಿಂದ ಬರುವ ಮಾತಿಗೆಲ್ಲ ತಿರುಗಿ ನೋಡದೆ ಹೂಂಗುಟ್ಟುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಈಗಲೂ "ಹೂಂ" ಅಂದ.

"ಹೂಂ ಅನ್ಬೇಡಿ. ಇಲ್ಲಿ ಬನ್ನಿ."

ದನಿಯಲ್ಲಿ ಏನೋ ಇತ್ತು. ಸೋಸುವುದನ್ನು ಅರ್ಧಕ್ಕೆ ಬಿಟ್ಟು ಬಂದ.

ಅವಳ ಹೊಸ ಕನ್ನಡಕ ಬಂದದ್ದು ಹಿಂದಿನ ಸಂಜೆ. ಹಳೆಯದು ಹೋದ ವಾರ ಕಾಲಡಿಗೆ ಸಿಕ್ಕು ಪುಡಿಯಾಗಿತ್ತು. ಬೆರಳಿಗೇ ಕಣ್ಣಿದೆ ಎಂಬ ಜಂಬದಲ್ಲಿ ಅಷ್ಟೂ ದಿನ ಅಂದಾಜಿನ ಮೇಲೆ ಹೊಲಿದಿದ್ದಳು. ಇವತ್ತು ಬೆಳಿಗ್ಗೆ ಹೊಸದನ್ನು ಮೂಗಿಗೇರಿಸಿದ ಮೇಲೆ ಮೂಲೆಯ ಜೇಡರ ಬಲೆ, ಗಂಡನ ಗಲ್ಲದ ಮೇಲೆ ಉಳಿದುಹೋದ ನಾಲ್ಕು ಬಿಳಿ ಕೂದಲು, ಎಲ್ಲವೂ ಕಣ್ಣಿಗೆ ಹೊಡೆಯತೊಡಗಿತ್ತು. ಕಂಡದ್ದನ್ನೆಲ್ಲ ಇನ್ನೊಮ್ಮೆ ನೋಡುವ ಹುರುಪಿನಲ್ಲಿ ಸೂಜಿ ಪುಸ್ತಕವನ್ನೂ ಸುಮ್ಮನೆ ತಿರುವಿಹಾಕಿದ್ದಳು.

ಆ ಪುಸ್ತಕದ ಕಥೆ ಹಳೆಯದು. ಮದುವೆಗೆ ಮುಂಚೆಯೂ ಆಮೇಲೂ ಸೇರಿ ಹನ್ನೊಂದು ವರ್ಷ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಳು. ಅಲ್ಲಿ ಸೂಜಿ ಮುರಿದರೆ ಮೆಷಿನ್ನು ನಿಲ್ಲಿಸಿ ಕೈ ಎತ್ತಬೇಕು. ತುಂಡುಗಳನ್ನೆಲ್ಲ ಹುಡುಕಿ, ಪುಸ್ತಕದ ಹಾಳೆಯ ಮೇಲೆ ಒಂದರ ಕೆಳಗೊಂದು ಜೋಡಿಸಿ, ಪಾರದರ್ಶಕ ಟೇಪು ಅಂಟಿಸಬೇಕು. ಮೇಲ್ವಿಚಾರಕಿ ಬಂದು, ತುಂಡು ತುಂಡು ಸೇರಿ ಒಂದು ಪೂರ್ತಿ ಸೂಜಿಯಾಗುತ್ತದೆಯೇ ಎಂದು ನೋಡಿ, 'ನೋಡಿದವರು' ಎಂಬ ಕೊನೆಯ ಕಾಲಮ್ಮಿನಲ್ಲಿ ಸಹಿ ಹಾಕಿದರೆ ಮಾತ್ರ ಹೊಸ ಸೂಜಿ. ಒಂದು ಚೂರು ಕಡಿಮೆ ಬಿದ್ದರೂ ಆ ಕಟ್ಟಿನ ನೂರು ಅಂಗಿ ಪಕ್ಕಕ್ಕೆ. ಯಾವ ಊರಿನ ಯಾವ ಮಗುವಿನ ಕುತ್ತಿಗೆಗೆ ಚುಚ್ಚೀತೋ ಯಾರಿಗೆ ಗೊತ್ತು! ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅವಳು ಅಲ್ಲಿಂದ ತಂದದ್ದು ಒಂದು ಕತ್ತರಿ ಮತ್ತು ಈ ನಿಯಮ. ಮನೆಯ ಮುಂದಿನ ಕೋಣೆಯ ಅಂಗಡಿಯಲ್ಲಿ ಮೇಲ್ವಿಚಾರಕಿ ಇಲ್ಲದ್ದರಿಂದ ಕೊನೆಯ ಕಾಲಮ್ಮಿಗೂ ತಾನೇ ಸಹಿ ಹಾಕಿಕೊಳ್ಳುತ್ತಿದ್ದಳು.

"ನೋಡಿ. ಗುರುವಾರ. ಹದಿನಾರನೇ ನಂಬರಿನ ದಪ್ಪ ಸೂಜಿ. ಕೆಂಪು ಸೂಟು," ಎಂದು ಬೆರಳಿಟ್ಟಳು. "ಬುಡ ಇದೆ, ನಡು ಇದೆ. ಈ ಮೊನೆ ನೋಡಿ, ಎಷ್ಟು ಸಣ್ಣ. ಇದು ಹನ್ನೊಂದನೇ ನಂಬರಿಂದು."

ಗಂಡ ಬಗ್ಗಿ ನೋಡಿದ. ಅವನಿಗೆ ಮೂರೂ ಒಂದೇ ಥರ ಕಂಡವು.

"ಮೇಲಿನ ಸಾಲು ನೋಡಿ, ಲೈನಿಂಗ್ ಹೊಲಿಯೋವಾಗ ಮುರಿದಿದ್ದು. ಅಲ್ಲಿ ಟೇಪು ಬಿಟ್ಕೊಂಡಿದೆ, ಮೊನೆ ಜಾಗ ಖಾಲಿ. ಆ ಮೊನೆ ಕಳಚಿ ಟೇಬಲ್ ಮೇಲೆ ಬಿದ್ದಿತ್ತು. ಗುರುವಾರ ಕೈಯಾಡಿಸಿದಾಗ ಸಿಕ್ತು. ಕನ್ನಡಕ ಇಲ್ಲ. ಇದೇ ಅಂದ್ಕೊಂಡು ಅಂಟಿಸ್ಬಿಟ್ಟೆ."

"ಹಾಗಾದ್ರೆ ಹದಿನಾರರ ಮೊನೆ?"

ಇಬ್ಬರೂ ಗೋಡೆ ಗಡಿಯಾರ ನೋಡಿದರು. ಹನ್ನೊಂದೂ ಇಪ್ಪತ್ತು. ಕೆಂಪು ಸೂಟು ಮನೆಯಲ್ಲಿರಲಿಲ್ಲ. ಪರ್ವತಾರೋಹಣ ಕ್ಲಬ್ಬಿನವರು ಬಾಡಿಗೆಗೆ ಹಿಡಿದಿದ್ದ ಬ್ಯಾಡ್ಮಿಂಟನ್ ಹಾಲಿನಲ್ಲಿ, ಯಾವುದೋ ನೀಲಿ ಡ್ರಮ್ಮಿನೊಳಗೆ ಮಡಿಸಿಕೊಂಡು ಕೂತಿತ್ತು. ಮಧ್ಯಾಹ್ನ ಲಾರಿ ಬರುತ್ತದೆ.

ಸೂಟು ಮಗಳದು. ಎಂಟು ಸಾವಿರ ಮೀಟರಿನ ಮೇಲೆ, ಉಸಿರಾಡಲು ಸಿಲಿಂಡರು ಬೇಕಾಗುವ ಕಡೆ ಹಾಕಿಕೊಳ್ಳುವ, ಒಳಗೆಲ್ಲ ಬಾತುಕೋಳಿಯ ತುಪ್ಪುಳು ತುಂಬಿದ, ತಲೆಯಿಂದ ಕಾಲಿನವರೆಗೆ ಒಂದೇ ತುಂಡಿನ ಬಟ್ಟೆ. ಶಾಲೆಯಲ್ಲಿ ಆಟ ಕಲಿಸುವ ಟೀಚರಿಗೆ ಹೊಸದು ಎಟುಕುವುದುಂಟೇ? ಹಿಂದೆ ಹೋಗಿ ಬಂದ ಒಬ್ಬ ಉದ್ದನೆಯ ಆಸಾಮಿಯಿಂದ ಹಳೆಯದನ್ನೇ ತಂದಿದ್ದಳು. ಕೈಗೆ ಕಾಲಿಗೆ ಒಂದೊಂದು ಗೇಣು ಹೆಚ್ಚಾಗಿತ್ತು. ಅದನ್ನು ಬಿಚ್ಚಿ, ಕತ್ತರಿಸಿ, ತುಪ್ಪುಳು ಜಾರದಂತೆ ಮತ್ತೆ ಸಣ್ಣ ಸಣ್ಣ ಚೌಕದ ಮನೆ ಮಾಡಿ ಹೊಲಿಯುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಮನೆತುಂಬ ತುಪ್ಪುಳು ಹಾರಾಡಿ, ಗಂಡ ಸೀನಿ ಸೀನಿ, "ಬಸ್ ಸ್ಟ್ಯಾಂಡಲ್ಲಿ ಹೋಗಿ ಮಲಗ್ತೀನಿ" ಅಂದಿದ್ದ.

ಮಗಳು ಬೆಟ್ಟ ಹತ್ತುವುದು ತಾಯಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಹೊಲಿಯಲು ಕೂತದ್ದು, ಹೇಗೂ ಹೋಗುವವಳು ಬೇರೆ ಯಾರೋ ಕಾಟಾಚಾರಕ್ಕೆ ಹಾಕಿದ ಹೊಲಿಗೆಯಲ್ಲಿ ಹೋಗುವುದು ಬೇಡ ಎಂದು. ಇನ್ನೊಂದು ಕಾರಣವೂ ಇತ್ತು. ಹೋದ ವರ್ಷ ಇದೇ ಥರದ ತಂಡ ಹೊರಟ ದಿನ ಅವಳಿಗೆ ಎದೆನೋವು ಬಂದಿತ್ತು. ಮಗಳು ಬೆನ್ನಿನ ಚೀಲ ಇಳಿಸಿ ಆಸ್ಪತ್ರೆಗೆ ಓಡಿದಳು, ತಂಡ ಹೋಯಿತು. ಡಾಕ್ಟರು ಎರಡೆರಡು ಸಲ ಇಸಿಜಿ ಪಟ್ಟಿ ತೆಗೆದು ನೋಡಿ, "ನಿಮ್ಮ ಹೃದಯ ಕಲ್ಲಿನ ಹಾಗಿದೆ" ಅಂದರು. ನೋವು ನಿಜವಾಗಿ ಬಂದಿತ್ತೋ, ಬರಲಿ ಎಂದು ತಾನೇ ಕರೆದದ್ದೋ, ಈಗ ಕೇಳಿದರೆ ಅವಳಿಗೂ ಖಾತ್ರಿಯಿಲ್ಲ. ಮಗಳು ಜಗಳವಾಡಲಿಲ್ಲ. ಆದರೆ ಅಂದಿನಿಂದ ಅಮ್ಮನಿಗೆ ಸಣ್ಣ ತಲೆನೋವು ಬಂದರೂ ಒಂದು ಕ್ಷಣ ಮುಖ ನೋಡಿ, ಆಮೇಲೆ ಮಾತ್ರೆ ತಂದುಕೊಡುತ್ತಿದ್ದಳು. ಆ ಒಂದು ಕ್ಷಣ ತಾಯಿಗೆ ಮುಳ್ಳಾಗಿತ್ತು.

"ಹೇಳಿದ್ರೆ ನಂಬ್ತಾಳಾ?" ಗಂಡ ಕೇಳಿದ.

"ನಂಬಲ್ಲ."

"ಮತ್ತೆ?"

"ನಂಬಲ್ಲ ಅಂತ ಹೇಳದೆ ಇರೋಕಾಗುತ್ತಾ?"

ಅವನು ತಲೆ ಕೆರೆದುಕೊಂಡು ಅಟ್ಟಕ್ಕೆ ಕೈ ಹಾಕಿದ. ಕೆಟ್ಟುಹೋದ ರೇಡಿಯೋ ಒಂದಿತ್ತು, ಬಿಸಾಕು ಎಂದು ಹತ್ತು ವರ್ಷದಿಂದ ಹೇಳಿಸಿಕೊಂಡು ಬಿಸಾಕದೆ ಉಳಿಸಿಕೊಂಡದ್ದು. ಅದರ ಸ್ಪೀಕರು ಕಿತ್ತು ಹಿಂದಿನ ಅಯಸ್ಕಾಂತವನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದ. ಬಳೆಯಷ್ಟು ಅಗಲದ ಕಪ್ಪು ಬಿಲ್ಲೆ. ಕತ್ತರಿಯ ಹತ್ತಿರ ತಂದರೆ ಕತ್ತರಿಯೇ ಜಿಗಿದು ಕಚ್ಚಿಕೊಂಡಿತು. "ನೋಡಿದ್ಯಾ? ಬಿಸಾಕು ಬಿಸಾಕು ಅಂತಿದ್ದೆ," ಅಂದ. ಇಂಥ ಹೊತ್ತಿನಲ್ಲೂ ಗೆಲ್ಲುವ ಒಂದು ಅವಕಾಶವನ್ನು ಬಿಡುವ ಜಾತಿಯಲ್ಲ ಆತ.

ಸ್ಕೂಟರಿನ ಹಿಂದೆ ಪುಸ್ತಕವನ್ನು ಎದೆಗವಚಿಕೊಂಡು ಕೂತಳು. ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು ಹೋಗುವಷ್ಟರಲ್ಲಿ ಗಂಟೆ ಹನ್ನೆರಡಾಗಿತ್ತು.

ಹಾಲಿನೊಳಗೆ ಬ್ಯಾಡ್ಮಿಂಟನ್ನಿನ ಬಿಳಿ ಗೆರೆಗಳ ಉದ್ದಕ್ಕೂ ಇಪ್ಪತ್ಮೂರು ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಹಗ್ಗದ ಸುರುಳಿ, ಒಲೆ, ಒಣ ಆಹಾರದ ಪೊಟ್ಟಣ, ಮಂಜಿನ ಸಲಾಕೆ, ಎಲ್ಲ ಅದರೊಳಗೆ. ಸಾಮಾನಿನ ಉಸ್ತುವಾರಿ ನೋಡಿಕೊಳ್ಳುವವನನ್ನು ತಂಡದವರೆಲ್ಲ ತಕ್ಕಡಿ ಎಂದೇ ಕರೆಯುತ್ತಿದ್ದರು. ಒಂದು ಡ್ರಮ್ಮು ಇಪ್ಪತ್ತೈದು ಕಿಲೋ ದಾಟಕೂಡದು ಎಂದು ಎಲ್ಲರ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಗರಗಸದಿಂದ ಕೊಯ್ದವನು ಅವನು. ಬಾಗಿಲಲ್ಲಿ ಅವಳನ್ನು ಕಂಡವನೇ ಪುಸ್ತಕದ ಮೇಲೆ ಕಣ್ಣು ನೆಟ್ಟ.

"ಆಂಟೀ, ಅದೂ ಹೋಗ್ಬೇಕಾ? ಎಷ್ಟು ಗ್ರಾಮು?"

"ನನ್ ಮಗಳ ಡ್ರಮ್ಮು ಯಾವುದಪ್ಪಾ?"

"ಹದಿನೇಳು. ತೂಕ ಆಯ್ತು, ಮುಚ್ಚಿ ಬೀಗಾನೂ ಹಾಕಾಯ್ತು. ಬೆಳಿಗ್ಗೆ ಒಂದು ಸಲ ಅವರೇ ತೆಗೆಸಿದ್ರು, ಇನ್ನು ಬ್ರಹ್ಮ ಬಂದ್ರೂ ತೆಗೆಯಲ್ಲ."

ಅಷ್ಟರಲ್ಲಿ ಮಗಳು ಬಂದಳು. ಅಮ್ಮನನ್ನು ನೋಡಿದಳು, ಹಿಂದೆ ಅಯಸ್ಕಾಂತ ಹಿಡಿದು ಪೆಚ್ಚಾಗಿ ನಿಂತ ಅಪ್ಪನನ್ನು ನೋಡಿದಳು. ತಾಯಿ ನಿಂತಲ್ಲೇ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿ ಮುಗಿಸಿದಳು. ಮಗಳ ಮುಖದಲ್ಲಿ ಆ ಒಂದು ಕ್ಷಣ ಬಂತು. ಈ ಸಲ ಅದು ಹೋಗಲಿಲ್ಲ.

"ಹೋದ ವರ್ಷ ಎದೆ. ಈ ವರ್ಷ ಸೂಜಿ."

"ಹಾಗಲ್ಲ ಕಣೇ..."

"ಅಮ್ಮಾ, ಇವತ್ತೇ ಗೊತ್ತಾಯ್ತಾ ನಿಂಗೆ? ಲಾರಿ ಬರೋ ದಿನಾನೇ?"

"ಕನ್ನಡಕ ನಿನ್ನೆ ಸಂಜೆ ಬಂತು. ನಿಮ್ಮಪ್ಪನ್ನ ಕೇಳು."

"ಅಪ್ಪ ನೀನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಆ ಮೊನೇನ ನೀನು ಬೆಳಿಗ್ಗೆ ಅಂಟಿಸಿದ್ರೂ ಹೂಂ ಅಂತಾರೆ."

ಮಾತು ಜೋರಾದದ್ದು ಕೇಳಿ ತಂಡದ ಮುಂದಾಳು ಎದ್ದು ಬಂದರು. ಐವತ್ತರ ಆಸುಪಾಸಿನ ಹೆಂಗಸು. ಹಿಂದೊಮ್ಮೆ ಮಂಜಿಗೆ ಎರಡು ಕಾಲ್ಬೆರಳು ಕಳಕೊಂಡು ಬಂದಿದ್ದರು, ನಡಿಗೆಯಲ್ಲಿ ಚೂರು ಓಲಾಟವಿತ್ತು. ಜಗಳ ಬಿಡಿಸಲು ಹೋಗದೆ ಪುಸ್ತಕ ಕೇಳಿ ತೆಗೆದುಕೊಂಡರು. ನಕಾಶೆ ನೋಡುವ ಭೂತಗನ್ನಡಿ ಜೇಬಿನಲ್ಲೇ ಇತ್ತು. ಮೂರು ತುಂಡುಗಳ ಮೇಲೆ ಅದನ್ನು ನಿಧಾನವಾಗಿ ಆಡಿಸಿದರು.

"ದಪ್ಪ ಬೇರೆ ಇದೆ. ಟೇಪಿನ ಅಂಚಿಗೆ ವಾರದ ಧೂಳು ಕೂತಿದೆ, ಕೆಂಪು ನೂಲಿನ ಜುಂಗೂ ಇದೆ," ಎಂದು ಮಗಳ ಕಡೆ ತಿರುಗಿದರು. "ಇದು ಇವತ್ತು ಅಂಟಿಸಿದ್ದಲ್ಲ."

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ನಂಬಿದಳೆಂದಲ್ಲ, ವಾದ ಮಾಡಲು ಏನೂ ಉಳಿಯಲಿಲ್ಲ ಅಷ್ಟೇ.

"ಮೇಲೆ ಗಾಳಿ ತುಂಬೋ ಹಾಸಿಗೆ ಮೇಲೆ ಮಲಗೋದು," ಮುಂದಾಳು ತಾಯಿಗೆ ಹೇಳಿದರು. "ಅದಕ್ಕೊಂದು ತೂತಾದ್ರೆ ಬೆನ್ನ ಕೆಳಗೆ ಬರೀ ಮಂಜು. ಒಂದೇ ಟೆಂಟಲ್ಲಿ ಮೂವರು ಇರ್ತೀವಿ. ಸೂಜಿ ಇರೋ ಬಟ್ಟೆ ನಾನು ಮೇಲಕ್ಕೆ ಬಿಡಲ್ಲ. ಇವಳ ಅಳತೆದು ಇನ್ನೊಂದು ಸೂಟೂ ನಮ್ಮತ್ರ ಇಲ್ಲ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಎರಡು ಗಂಟೆ ತನಕ ಟೈಮು. ಸಿಕ್ಕಿದ್ರೆ ಸೂಟು ಬರುತ್ತೆ, ಇವಳೂ ಬರ್ತಾಳೆ. ಸಿಗದಿದ್ರೆ ಇಬ್ಬರೂ ಇಲ್ಲೇ. ಹದಿನೇಳು ತೆಗೀಪ್ಪಾ."

ಬ್ರಹ್ಮ ಬಂದರೂ ತೆಗೆಯದವನು ಗೊಣಗಿಕೊಂಡು ಬೀಗ ತೆಗೆದ.

ಮೂಲೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಸೂಟನ್ನು ಮಲಗಿಸಿದರು. ಡ್ರಮ್ಮಿನಿಂದ ಹೊರಬಂದದ್ದೇ ಅದು ಉಸಿರು ಎಳೆದುಕೊಂಡು ಉಬ್ಬಿ, ಕೈಕಾಲು ಚಾಚಿ ಬಿದ್ದುಕೊಂಡಿತು. "ನಾನೇ ನೋಡ್ತೀನಿ. ನನ್ ಕೈಗಾದ್ರೆ ಗೊತ್ತಾಗುತ್ತೆ," ಅಂದಳು ತಾಯಿ. ಎಡಗೈ ಬಟ್ಟೆಯ ಅಡಿಗೆ, ಬಲಗೈಯಲ್ಲಿ ಅಯಸ್ಕಾಂತ ಮೇಲೆ. ತುಪ್ಪುಳನ್ನು ಚಪ್ಪಟೆಯಾಗುವಷ್ಟು ಒತ್ತುತ್ತ ಒಂದೊಂದೇ ಮನೆ. ಜಿಪ್ಪಿನ ಹಲ್ಲೆಲ್ಲ ಪ್ಲಾಸ್ಟಿಕ್ಕು, ಅದೊಂದು ಪುಣ್ಯ.

ಎಡಗಾಲು ಮುಗಿಯಿತು, ಬಲಗಾಲು ಮುಗಿಯಿತು. ಪ್ರತಿ ಹೊಲಿಗೆಯೂ ಅವಳಿಗೆ ನೆನಪಿತ್ತು. ಈ ಮಡಿಕೆ ಹಾಕುವಾಗ ಮಗಳು ಮೊಣಕಾಲು ಮಡಿಸಿ ತೋರಿಸಿದ್ದಳು, ಸೊಂಟದ ಹತ್ತಿರ ಬಿಗಿಯಾಯಿತೆಂದು ಎರಡು ಸಲ ಬಿಚ್ಚಿಸಿದ್ದಳು. ಒಂದು ಗಂಟೆಯಾಯಿತು. ಗಂಡ ಹೊರಗೆ ಹೋಗಿ ಬಂದ. ಮಗಳು ಗೋಡೆಗೊರಗಿ, ಕೈಕಟ್ಟಿ, ಅಮ್ಮನ ಕೈಯನ್ನೇ ನೋಡುತ್ತಿದ್ದಳು.

ಸೊಂಟ ದಾಟಿ ಎದೆಯ ಕಡೆ ಬರುವಾಗ ತಾಯಿಗೆ ಆ ಯೋಚನೆ ಬಂತು. ಸಿಗದಿದ್ದರೆ?

ಸಿಗದಿದ್ದರೆ ಮಗಳು ಹೋಗುವುದಿಲ್ಲ. ಎದೆ ಹಿಡಿದುಕೊಳ್ಳುವುದು ಬೇಕಾಗಿಲ್ಲ, ಡಾಕ್ಟರು ಬೇಕಾಗಿಲ್ಲ. ತಾನಾಗಿಯೇ ಬಂದು ನಿಜ ಹೇಳಿದವಳ ಮೇಲೆ ಯಾರು ಬೆರಳು ತೋರಿಸುತ್ತಾರೆ? ಮಗಳು ಒಂದು ತಿಂಗಳು ಮುಖ ಊದಿಸಿಕೊಂಡಿದ್ದಾಳು, ಆಮೇಲೆ ಶಾಲೆಗೆ ಹೋದಾಳು, ಸಂಜೆ ಮನೆಗೆ ಬಂದಾಳು. ಬದುಕಿರುತ್ತಾಳೆ. ಅಷ್ಟು ಸಾಕಲ್ಲ? ಯೋಚನೆಯ ಸಲೀಸಿಗೆ ಅವಳಿಗೇ ಹೆದರಿಕೆಯಾಯಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು. ಎಡತೋಳು. ಬಲತೋಳು. ಕುತ್ತಿಗೆಪಟ್ಟಿ.

ಕುತ್ತಿಗೆಪಟ್ಟಿ ಟೊಪ್ಪಿಗೆಯನ್ನು ಕೂಡುವ ದಪ್ಪ ಹೊಲಿಗೆಯ ಹತ್ತಿರ, ಎಡಗೈ ಹೆಬ್ಬೆರಳಿಗೆ ಏನೋ ಚುಚ್ಚಿತು.

ಅಯಸ್ಕಾಂತ ನಿಂತಿತು. ಇಡೀ ಹಾಲಿನಲ್ಲಿ ಅದು ಗೊತ್ತಿದ್ದದ್ದು ಅವಳ ಹೆಬ್ಬೆರಳಿಗೊಂದಕ್ಕೆ. ತಕ್ಕಡಿ ಇನ್ನೊಂದು ಡ್ರಮ್ಮು ಎತ್ತಿ ತೂಕದ ಕೊಕ್ಕೆಗೆ ನೇತುಹಾಕುತ್ತಿದ್ದ, ಮುಂದಾಳು ಫೋನಿನಲ್ಲಿ ಲಾರಿಯವನಿಗೆ ದಾರಿ ಹೇಳುತ್ತಿದ್ದರು. ಗಡಿಯಾರ ಒಂದೂ ಮುಕ್ಕಾಲು. ಬಿಲ್ಲೆಯನ್ನು ಎರಡು ಬೆರಳಿನಷ್ಟು ಆಚೆ ಸರಿಸಿದರೆ ಸಾಕು, ಮೊನೆ ಮತ್ತೆ ತುಪ್ಪುಳಿನಲ್ಲಿ ಮುಳುಗುತ್ತದೆ. "ಇಲ್ಲ ಮೇಡಂ, ಸಿಗಲಿಲ್ಲ," ಅಂದರೆ ಮುಗಿಯಿತು. ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು.

ಆದರೆ ಮನೆಗೆ ಹೋಗಿ ಪುಸ್ತಕದಲ್ಲಿ ಬರೆಯಬೇಕಲ್ಲ. ಸಿಕ್ಕಿದ ಮೊನೆಯನ್ನು ಸಿಕ್ಕಿಲ್ಲ ಎಂದು ಬರೆದು ಕೆಳಗೆ ಸಹಿ ಹಾಕಬೇಕು. ಇಷ್ಟು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಅವಳು ತಪ್ಪು ಬರೆದಿದ್ದಳು, ಕನ್ನಡಕವಿಲ್ಲದೆ. ಸುಳ್ಳು ಬರೆದಿರಲಿಲ್ಲ. ಎದೆನೋವಿಗೆ ಪುಸ್ತಕ ಇರಲಿಲ್ಲ.

"ಸಿಕ್ತು."

ದನಿ ಎಷ್ಟು ಸಣ್ಣಗಿತ್ತೆಂದರೆ ಯಾರಿಗೂ ಕೇಳಿಸಲಿಲ್ಲ. ಗಂಡ ಮಾತ್ರ, ಅಭ್ಯಾಸದಂತೆ, "ಹೂಂ" ಅಂದ. ಆಮೇಲೆ ಅರ್ಥವಾಗಿ, "ಏನು? ಸಿಕ್ತಾ?" ಎಂದು ಕೂಗಿದ.

ಹೊಲಿಗೆಯನ್ನು ಬ್ಲೇಡಿನಿಂದ ನಾಲ್ಕು ಟಾಕಿನಷ್ಟು ಬಿಡಿಸಿ, ಬಿಲ್ಲೆಯನ್ನು ಆ ಸೀಳಿನ ಬಾಯಿಗೆ ಹಿಡಿದಳು. ಜೊತೆಗೊಂದು ತುಪ್ಪುಳನ್ನು ಎಳೆದುಕೊಂಡು ಮೊನೆ ಹೊರಗೆ ಬಂತು. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲದ ಕಬ್ಬಿಣದ ಚೂರು. ಮುಂದಾಳು ಅದನ್ನು ಅಂಗೈಯಲ್ಲಿಟ್ಟು, ಕುತ್ತಿಗೆಪಟ್ಟಿಯನ್ನು ತಮ್ಮ ಗಲ್ಲಕ್ಕೆ ಒತ್ತಿ ನೋಡಿಕೊಂಡು, "ಸರಿಯಾಗಿ ಆಮ್ಲಜನಕದ ಮಾಸ್ಕ್ ಕೂರೋ ಜಾಗ," ಅಂದರು.

ತಾಯಿ ಕೈಯಿಂದಲೇ ಹೊಲಿಗೆ ಮುಚ್ಚಿ, ಒಂದಕ್ಕೆ ಎರಡು ಗಂಟು ಹಾಕಿ ನೂಲು ಕತ್ತರಿಸಿದಳು. ಹತ್ತಿರದ ಡ್ರಮ್ಮಿನ ಮೇಲೆ ಕುಸಿದು ಕೂತಳು. ಎದೆಯ ಮೇಲಿದ್ದ ಚಪ್ಪಡಿಯೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿ, ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಮಗಳು ಹೋಗುತ್ತಾಳೆ. ಮೇಲೆ ಗಾಳಿ, ಮಂಜು, ಬಿರುಕು ಏನೇನಿದೆಯೋ, ಅದ್ಯಾವುದೂ ತನ್ನ ಕೈಯಲ್ಲಿಲ್ಲ. ತನ್ನ ಕೈಯಲ್ಲಿದ್ದ ಒಂದು ಚೂರನ್ನಂತೂ ತೆಗೆದಾಯಿತು. ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೆ, ಮಗಳು ಪಕ್ಕದಲ್ಲೇ ಕೂತಿದ್ದಾಗಲೂ ಇಷ್ಟು ನೆಮ್ಮದಿಯಾಗಿರಲಿಲ್ಲ.

"ಆಂಟೀ, ಅದು ಒಂಬತ್ತನೇ ಡ್ರಮ್ಮು, ಮೊಟ್ಟೆ ಪುಡಿ. ನಿಧಾನ," ಅಂದ ತಕ್ಕಡಿ. ಹದಿನೇಳನ್ನು ಮತ್ತೆ ತುಂಬಿ ನೇತುಹಾಕಿ, ಮುಳ್ಳನ್ನು ನೋಡಿ, "ಇಪ್ಪತ್ನಾಲ್ಕೂ ಒಂಬೈನೂರು. ನೋಡಿ, ಎಷ್ಟು ಹಗುರ ಆಯ್ತು!" ಎಂದು ಹಲ್ಲು ಕಿರಿದ. ಎಲ್ಲರೂ ನಕ್ಕರು.

ಮಗಳು ನಗಲಿಲ್ಲ. ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತು, ಎಡಗೈ ಹಿಡಿದು ತಿರುಗಿಸಿದಳು. ಹೆಬ್ಬೆರಳಿನ ತುದಿಯಲ್ಲಿ ರಕ್ತದ ಚಿಕ್ಕ ಚುಕ್ಕೆ. ತನ್ನ ಅಂಗಿಯ ತುದಿಯಿಂದ ಒತ್ತಿ ಹಿಡಿದಳು.

"ನಿಲ್ಲಿಸಿದ್ದು ನೋಡ್ದೆ," ಅಂದಳು, ಬೇರೆಯವರಿಗೆ ಕೇಳದ ಹಾಗೆ.

ತಾಯಿಯ ಕಿವಿ ಬಿಸಿಯಾಯಿತು. "ಯಾವಾಗ?"

"ಬೆರಳಿಗೆ ಚುಚ್ಚಿದಾಗ. ನಿನ್ ಕೈ ನಿಲ್ತು. ಎಷ್ಟೋ ಹೊತ್ತು ನಿಂತೇ ಇತ್ತು."

"ನೋಡಿ ಸುಮ್ನೆ ಇದ್ಯಾ? ಕೂಗೋದಲ್ವಾ?"

"ನೀನೇ ಹೇಳ್ಲಿ ಅಂತ ಕಾದೆ."

ತಾಯಿ ಮಗಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ತುಪ್ಪುಳೊಂದನ್ನು ಬಿಡಿಸಿ ತೆಗೆದಳು. "ಹೇಳದೆ ಇದ್ದಿದ್ರೆ?"

"ಹೇಳ್ದೆಯಲ್ಲ."

ಮಗಳು ಪುಸ್ತಕವನ್ನು ಎಳೆದುಕೊಂಡಳು. ಔಷಧದ ಪೆಟ್ಟಿಗೆಯಿಂದ ಟೇಪು ತರಿಸಿ, ತೆಳು ಮೊನೆಯನ್ನು ಎಬ್ಬಿಸಿ ಮೇಲಿನ ಸಾಲಿನ ಖಾಲಿ ಜಾಗದಲ್ಲಿ ಕೂರಿಸಿದಳು. ದಪ್ಪ ಮೊನೆಯನ್ನು ಅದರ ನಡುವಿಗೆ ತಾಗಿಸಿ, ಬೆಳಕಿಗೆ ಹಿಡಿದು ನೋಡಿ, ಅಂಟಿಸಿದಳು. ಒಂದು ಪೂರ್ತಿ ಸೂಜಿಯಾಯಿತು. ಕೊನೆಯ ಕಾಲಮ್ಮಿನಲ್ಲಿ ಅಮ್ಮ ಹಾಕಿಕೊಂಡಿದ್ದ ಸಹಿಯನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ತನ್ನದನ್ನು ಹಾಕಿದಳು. ಶಾಲೆಯ ಮಕ್ಕಳ ಪ್ರಮಾಣಪತ್ರಕ್ಕೆ ಹಾಕಿ ಹಾಕಿ ದೊಡ್ಡದಾಗಿ ಹೋದ ಸಹಿ.

ಲಾರಿ ಎರಡೂವರೆಗೆ ಬಂತು. ತಂಡ ಅದರ ಹಿಂದೆಯೇ ವ್ಯಾನಿನಲ್ಲಿ ಹೊರಟಿತು. ಹತ್ತುವ ಮುಂಚೆ ಮಗಳು ಅಪ್ಪನ ಕೈಯಲ್ಲಿದ್ದ ಅಯಸ್ಕಾಂತ ನೋಡಿ, "ಅದನ್ನ ಬಿಸಾಕ್ಬೇಡಿ," ಅಂದಳು. ಅವನು ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ಎತ್ತಿ ಬೀಸುತ್ತಿದ್ದ.

ಮನೆಯಲ್ಲಿ ಬೆಳಗಿನ ಚಹಾ ಅರ್ಧ ಸೋಸಿದಂತೆಯೇ ತಣ್ಣಗಾಗಿತ್ತು. ಗಂಡ ಅದನ್ನು ಚೆಲ್ಲಿ ಹೊಸದಕ್ಕೆ ನೀರಿಟ್ಟ. ಅವಳು ಮೆಷಿನ್ನಿನ ಮುಂದೆ ಕೂತು, ಗುರುವಾರ ಹಳೆಯದರ ಲೆಕ್ಕ ಕೂಡದಿದ್ದರೂ ಹಾಕಿಕೊಂಡು, ಅಂದಿನಿಂದ ಹಕ್ಕಿಲ್ಲದೆ ಓಡುತ್ತಿದ್ದ ಸೂಜಿಯನ್ನು ಬಿಚ್ಚಿ ತೆಗೆದಳು. ಡಬ್ಬಿಯಿಂದ ಹೊಸದೊಂದನ್ನು ಆರಿಸುವ ಮುಂಚೆ ಪುಸ್ತಕ ತೆರೆದು ಇನ್ನೊಮ್ಮೆ ನೋಡಿದಳು. ಮಗಳ ಸಹಿ ಕಾಲಮ್ಮಿನಲ್ಲಿ ಹಿಡಿಸದೆ ಕೆಳಗಿಳಿದು, ಮುಂದಿನ ಸೂಜಿಗೆ ಇದ್ದ ಸಾಲಿನ ಅರ್ಧವನ್ನು ತಿಂದುಹಾಕಿತ್ತು.

"ಈಗ ಎಲ್ಲಿಗೆ ಹೋಗಿರ್ತಾರೆ?" ಒಳಗಿನಿಂದ ಗಂಡ ಕೇಳಿದ.

"ಹೂಂ," ಅಂದಳು. ಅಡಿಪಟ್ಟಿ ಇಟ್ಟು, ಆ ಸಾಲನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಹೊಸ ಗೆರೆ ಎಳೆಯತೊಡಗಿದಳು.